ಎಡಗಾಲಿಗೆ ಕೆಲಸವಿಲ್ಲದ ಗಾಡಿ

"ಎಷ್ಟು ಎಕರೆ ಉಳ್ತೀರಿ ಸಾರ್?"

ಷೋರೂಮಿನವನು ಬೆರಳಲ್ಲಿ ಕೀಲಿಕೈ ಗೊಂಚಲು ತಿರುಗಿಸುತ್ತ ಕೇಳಿದ್ದು ಅವಳ ಗಂಡನನ್ನು. ಗಂಡ ಒಮ್ಮೆ ಅವಳ ಮುಖ ನೋಡಿ, ಉಳುವುದೇನೂ ಇಲ್ಲ, ನಮ್ಮದು ಬರೀ ಹುಲ್ಲು ಎಂದ. ತಿರುಗುತ್ತಿದ್ದ ಗೊಂಚಲು ನಿಂತಿತು. ಉಳುವುದಿಲ್ಲ ಎನ್ನುತ್ತ ಟ್ರ್ಯಾಕ್ಟರ್ ಕೊಳ್ಳಲು ಬಂದವರನ್ನು ಅವನು ಇದುವರೆಗೆ ಕಂಡಿರಲಿಲ್ಲವೇನೋ. ಆದರೂ ಒಳಗೆ ಕಾಲಿಟ್ಟ ಗಿರಾಕಿಯನ್ನು ಸುಮ್ಮನೆ ಕಳಿಸುವ ಪೈಕಿಯವನಲ್ಲ ಅವನು. ಅಲ್ಲಿದ್ದ ಒಂದೇ ಮೆತ್ತನೆ ಕುರ್ಚಿಯನ್ನು ಗಂಡನತ್ತ ಸರಿಸಿ, ಅವಳಿಗೂ ಅವಳ ಮೈದುನನಿಗೂ ಪ್ಲಾಸ್ಟಿಕ್ ಸ್ಟೂಲು ತೋರಿಸಿ, ದೊಡ್ಡ ಗಾಡಿಗಳ ಗುಣಗಾನ ಶುರುಮಾಡಿದ.

ಊರಲ್ಲಿ ಅವಳನ್ನು ಎಲ್ಲರೂ ಕರೆಯುವುದು ಟೈಲರಮ್ಮ ಎಂದು. ಗಂಡನಿಗೆ ಲಾರಿಯಣ್ಣ ಎಂಬ ಹೆಸರು. ಲಾರಿ ಮಾರಿ ಎರಡು ವರ್ಷವಾದರೂ ಹೆಸರು ಮಾತ್ರ ಉಳಿದುಕೊಂಡಿತ್ತು. ಬೆನ್ನಿನ ನರ ಒತ್ತಿಹೋಗಿ, ಆಪರೇಷನ್ನೂ ಆಗಿ, ಈಗ ಅವನ ಎಡಗಾಲು ಮಂಡಿಯಿಂದ ಕೆಳಗೆ ಮನಸ್ಸು ಬಂದರೆ ಮಾತು ಕೇಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಡೆಯುವಾಗ ಆ ಕಾಲಿನ ಚಪ್ಪಲಿ ಕಳಚಿ ಹಿಂದುಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಹಿಂದಿನಿಂದ ಬರುವ ಅವಳು ಏನೂ ಹೇಳದೆ ಅದನ್ನು ತಂದು ಅವನ ಕಾಲ ಬಳಿ ಇಡುತ್ತಿದ್ದಳು. ಅವನೂ ಏನೂ ಹೇಳದೆ ಹಾಕಿಕೊಳ್ಳುತ್ತಿದ್ದ. ಗಾಡಿ ಓಡಿಸುವ ಮಾತನ್ನು ಆಮೇಲೆ ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಲಾರಿ ಓಡುತ್ತಿದ್ದ ಕಾಲದಲ್ಲೇ ಇಬ್ಬರೂ ಸೇರಿ ಊರ ಹೊರಗೆ ಆರು ಎಕರೆ ಹುಲ್ಲುಗಾವಲು ಮಾಡಿಕೊಂಡಿದ್ದರು. ಐದು ಹಸು, ಅವುಗಳ ಕರುಗಳು. ಹುಲ್ಲುಗಾವಲೆಂದರೆ ತನ್ನ ಪಾಡಿಗೆ ತಾನು ಬೆಳೆದುಕೊಂಡಿರುತ್ತದೆ ಎಂದೇ ಅವರ ಎಣಿಕೆ. ಹಾಗಲ್ಲ ಎಂಬುದು ಆಮೇಲೆ ತಿಳಿಯಿತು. ಹಸುಗಳು ರುಚಿಯಾದದ್ದನ್ನು ಮೇಯ್ದು ಕಳೆಯನ್ನು ಬಿಡುತ್ತವೆ. ಆ ಕಳೆ ಹೂಬಿಟ್ಟು ಬೀಜ ಉದುರಿಸುವ ಮೊದಲೇ ಸವರದಿದ್ದರೆ ಮರುವರ್ಷ ಹುಲ್ಲಿಗಿಂತ ಅದರದೇ ಕಾರುಬಾರು. ಬಾಡಿಗೆ ಟ್ರ್ಯಾಕ್ಟರಿನವನು ಈ ಸಲವೂ ಇವತ್ತು ಬಂದೆ, ನಾಳೆ ಬಂದೆ ಎನ್ನುತ್ತ, ಬೀಜವೆಲ್ಲ ಗಾಳಿಗೆ ಹಾರಿಹೋದ ಮೇಲೆ ಬಂದು ಮುಖ ತೋರಿಸಿದ. ಆ ಸಂಜೆ ಗಂಡ ಬೇಲಿಯ ಕಂಬ ಹಿಡಿದು ಬಹಳ ಹೊತ್ತು ನಿಂತಿದ್ದು, ನಮ್ಮದೇ ಒಂದು ತಂದುಬಿಡೋಣ, ನೀನು ಓಡಿಸು ಎಂದಿದ್ದ.

ನೀನು ಓಡಿಸು. ಆ ಮಾತನ್ನು ಅವಳು ನಾಲಿಗೆಯ ಮೇಲಿನ ಸಕ್ಕರೆಯ ಹಾಗೆ ಎಷ್ಟೋ ದಿನ ಕರಗಿಸಿಕೊಂಡಿದ್ದಳು. ಮದುವೆಯಾದಾಗಿನಿಂದ ಅವಳು ತುಳಿಯುತ್ತ ಬಂದ ಹೊಲಿಗೆ ಮಷೀನು ಕಿಟಕಿಯ ಪಕ್ಕದಿಂದ ಒಂದಡಿಯೂ ಮುಂದೆ ಹೋಗಿರಲಿಲ್ಲ. ತುಳಿದರೆ ಹೋಗುವ ಯಂತ್ರ, ಅದರ ಮೇಲೆ ತಾನು. ಯಾರದೋ ಅಂಗಿಗೆ ಕಾಲರು ಕೂರಿಸುತ್ತಿರುವಾಗ ನೆನಪಾಗಿ ಒಬ್ಬಳೇ ನಗುತ್ತಿದ್ದಳು. ಲಾರಿಯ ಕಾಲದಲ್ಲಿ ಗಂಡ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೂರು ತೋರಿಸಿದ್ದನೇ ಹೊರತು ಹಾರನ್ನು ಸಹ ಒತ್ತಲು ಬಿಟ್ಟವನಲ್ಲ. ಅಂಥವನು ತಾನಾಗಿಯೇ ಹೇಳಿದ್ದ.

ಮೈದುನನದು ಸಿಮೆಂಟಿನ ಅಂಗಡಿ. ಕೊಳ್ಳುವವರು ಯಾರೇ ಆಗಲಿ, ಏನೇ ಆಗಲಿ, ಸಲಹೆ ಅವನದು. ಬಾಗಿಲ ಬಳಿ ಮಿರಿಮಿರಿ ಮಿಂಚುತ್ತಿದ್ದ ಎಲ್ಲಕ್ಕಿಂತ ದೊಡ್ಡ ಗಾಡಿಯ ಬಾನೆಟ್ ತಟ್ಟಿ, ತಂದರೆ ಇಂಥದ್ದು ತರಬೇಕು, ನೋಡಿದವರು ಟ್ರ್ಯಾಕ್ಟರ್ ಅನ್ನಬೇಕು, ಆಟದ ಸಾಮಾನು ಅನ್ನಬಾರದು ಎಂದು ತೀರ್ಪು ಕೊಟ್ಟ. ಇದರ ಜೊತೆ ನೇಗಿಲೂ ರೋಟವೇಟರೂ ಸೇರಿಸಿ ಕೊಡುತ್ತೇನೆ ಎಂದು ಷೋರೂಮಿನವನು ಒಗ್ಗರಣೆ ಹಾಕಿದ.

ಅವಳು ಎದ್ದುಹೋಗಿ ಕೈಚೀಲದಿಂದ ಅಳತೆ ಟೇಪು ತೆಗೆದಳು. ಹಿಂದಿನ ಗಾಲಿಯ ಅಂಚಿಗೆ ಒಂದು ತುದಿ ಹಿಡಿದು ಇನ್ನೊಂದನ್ನು ಎಳೆದಳು. ಟೇಪು ಮುಗಿದರೂ ಗಾಡಿ ಮುಗಿಯಲಿಲ್ಲ.

"ಟ್ರ್ಯಾಕ್ಟರಿಗೂ ಅಂಗಿ ಹೊಲಿತೀರಾ ಅತ್ತಿಗೆ?"

"ನಿನ್ನ ಹೊಟ್ಟೆಗೇ ಹೊಲಿದಿದ್ದೀನಿ, ಇದ್ಯಾವ ಲೆಕ್ಕ."

ಗಂಡ ನಕ್ಕ. ಆ ದಿನ ಅವನು ನಕ್ಕದ್ದು ಅದೊಂದೇ ಸಲ.

ಅವಳಿಗೆ ಬೇಕಾದದ್ದೇನೆಂದು ಅವಳಿಗೆ ಗೊತ್ತಿತ್ತು. ಹುಲ್ಲುಗಾವಲಿನ ಕೆಳಗಿನ ಅಂಚು ವರ್ಷದಲ್ಲಿ ಅರ್ಧ ಕಾಲ ಜೌಗು. ಅಲ್ಲಿ ಭಾರದ ಗಾಡಿ ಇಳಿದರೆ ಗಾಲಿ ಒತ್ತಿದ ಕಡೆ ಮತ್ತೆ ಹುಲ್ಲು ಏಳುವುದಿಲ್ಲ. ನೇಗಿಲು, ರೋಟವೇಟರು ಎರಡೂ ಬೇಡ. ಇರುವ ಹುಲ್ಲಿನ ಬೇರು ಕೀಳಲು ತಾವೇ ದುಡ್ಡು ಕೊಡುವುದು ಯಾವ ಬುದ್ಧಿ? ಹಿಂದೆ ಕಟ್ಟುವ ಹುಲ್ಲಿನ ಕಟರ್ ಬೇಕು. ಅದು ಗಾಲಿಗಳಿಗಿಂತ ಒಂದು ಗೇಣಾದರೂ ಅಗಲವಿರಬೇಕು, ಇಲ್ಲದಿದ್ದರೆ ಗಾಲಿ ಒತ್ತಿ ಮಲಗಿಸಿದ ಹುಲ್ಲು ಗಾಡಿ ಅತ್ತ ಹೋದಮೇಲೆ ಎದ್ದು ನಿಲ್ಲುತ್ತದೆ. ಒಣಗಿದ ಸಗಣಿ ಒಡೆದು ಹರಡಲು ಸರಪಳಿಯ ಕುಂಟೆ. ಮುಂದೆ ಒಂದು ಸಣ್ಣ ಬಕೆಟ್. ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ಷೋರೂಮಿನವನು ಗಂಡನ ಕಡೆ ತಿರುಗಿ ಉತ್ತರ ಹೇಳುತ್ತಿದ್ದ. ಗಂಡ ಅದನ್ನು ಕೇಳಿಸಿಕೊಂಡು ಅವಳ ಕಡೆ ತಿರುಗುತ್ತಿದ್ದ. ಹೀಗೆ ಸುತ್ತುಬಳಸಿ ಕೊನೆಗೊಂದು ಮಧ್ಯಮ ಗಾತ್ರದ ಕೆಂಪು ಗಾಡಿಗೆ ಮಾತು ಬಂದು ನಿಂತಿತು. ಗಾಡಿ ಮಗುಚಿದರೆ ಕೂತವರನ್ನು ಕಾಯುವ ಕಬ್ಬಿಣದ ಕಮಾನು ತಲೆಯ ಮೇಲಿತ್ತು, ಗಾಲಿಗಳನ್ನು ಅಗಲಕ್ಕೆ ಸರಿಸಿ ಕೂರಿಸಬಹುದಿತ್ತು. ಓಡಿಸಿ ನೋಡಿ ಎಂದ ಷೋರೂಮಿನವನು ಕೀಲಿಯನ್ನು ಗಂಡನ ಕೈಗೆ ಕೊಟ್ಟ. ಗಂಡ ಅದನ್ನು ಅವಳಿಗೆ ದಾಟಿಸಿದ.

ಹಿತ್ತಲಿನ ಅಂಗಳದಲ್ಲಿ ಅವಳು ಹತ್ತಿ ಕುಳಿತಳು. ಕ್ಲಚ್ಚನ್ನು ಮೆಲ್ಲಗೆ, ಮೆಲ್ಲಗೆ ಬಿಡಿ ಎಂದು ಷೋರೂಮಿನವನು ಕೂಗುವಷ್ಟರಲ್ಲಿ ಅವಳ ಪಾದಕ್ಕೆ ಅದು ಅರ್ಥವಾಗಿಹೋಗಿತ್ತು. ನುಣುಪು ಬಟ್ಟೆಯ ಅಂಚು ಹೊಲಿಯುವಾಗ ಅರ್ಧ ಭಾರ ಇಟ್ಟು ಅರ್ಧ ಭಾರ ತಡೆಹಿಡಿಯುವಂಥ ಒಂದು ಹದ. ಗಾಡಿ ತೊಟ್ಟಿಲಿನ ಹಾಗೆ ತೂಗಿ ಮುಂದೆ ಹೊರಟಿತು. ನೀರಿನ ತೊಟ್ಟಿಯನ್ನೂ ಹಳೇ ಟೈರುಗಳ ಗುಡ್ಡೆಯನ್ನೂ ಬಳಸಿ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಯಾರೂ ಹೇಳದೆ ಹಾಕಿದಳು. ಗಾಳಿ ಮುಖಕ್ಕೆ ಬಡಿಯುವಷ್ಟೇನೂ ಜೋರಿರಲಿಲ್ಲ ಗಾಡಿ. ಆದರೂ ಅವಳಿಗೆ ಬಡಿದಂತಾಯಿತು. ಅಂಗಳದ ಅಂಚಿನಲ್ಲಿ ನಿಂತಿದ್ದ ಗಂಡನ ಎಡಗೈ, ಅವಳು ಗೇರು ಬದಲಿಸಿದಾಗೆಲ್ಲ, ತೊಡೆಯ ಪಕ್ಕದಲ್ಲೇ ಚೂರು ಮುಂದಕ್ಕೆ, ಚೂರು ಹಿಂದಕ್ಕೆ ಸರಿಯುತ್ತಿತ್ತು. ಅದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಅವಳು ಇಳಿದ ಮೇಲೆ ಅವನು, ನಾನೂ ಒಂದ್ಸಲ ನೋಡ್ತೀನಿ ಎಂದ.

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನು ಕಮಾನು ಹಿಡಿದು ತೋಳಿನ ಬಲದಲ್ಲೇ ಮೈಯನ್ನು ಮೇಲಕ್ಕೆಳೆದುಕೊಂಡ. ಸ್ಟೀರಿಂಗ್ ಹಿಡಿದದ್ದೇ ಅವನ ಬೆನ್ನು ಹಳೆಯ ಹಾಗೆ ನೆಟ್ಟಗಾಯಿತು. ಎಡಗಾಲು ಕ್ಲಚ್ಚಿನ ಮೇಲೆ ಬಂತು, ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು. ಮೂರನೆಯ ಸಲ ಕೈಯಿಂದ ಮಂಡಿಯನ್ನು ಎತ್ತಿ ಪಾದವನ್ನು ಪೆಡಲಿನ ಮೇಲೆ ಕೂರಿಸಿ, ಅಂಗೈಯಿಂದ ಮಂಡಿಯನ್ನು ಕೆಳಕ್ಕೆ ಒತ್ತಿದ. ಪೆಡಲು ಅರ್ಧ ಇಳಿದು ಮೇಲೆ ಚಿಮ್ಮಿತು. ಚಪ್ಪಲಿ ಕೆಳಗೆ ನೆಲಕ್ಕೆ ಬಿತ್ತು. ಮೈದುನ ಇದ್ದಕ್ಕಿದ್ದಂತೆ ರಸ್ತೆಯಾಚೆಯ ಬೋರ್ಡು ಓದತೊಡಗಿದ.

"ಕ್ಲಚ್ಚು ಗಡುಸು" ಎಂದ ಗಂಡ, ಯಾರನ್ನೂ ನೋಡದೆ.

"ಹೊಸಾ ಗಾಡಿ ಅಲ್ವಾ ಸಾರ್" ಎಂದ ಷೋರೂಮಿನವನು, ಏನೂ ಅರಿಯದೆ. "ಹೇಗಿದ್ರೂ ಅಮ್ಮಾನೇ ಓಡಿಸ್ತಾರಲ್ಲ, ನಿಮಗ್ಯಾಕೆ ತಲೆಬಿಸಿ."

ಅವಳು ಚಪ್ಪಲಿಯನ್ನು ಎತ್ತಿಕೊಂಡಳು. ಕಾಲ ಬಳಿ ಇಡೋಣವೆಂದರೆ ಅವನ ಕಾಲು ಅವಳ ಸೊಂಟದ ಮಟ್ಟಕ್ಕಿತ್ತು. ಹಾಗೇ ಹಿಡಿದುಕೊಂಡು ನಿಂತಳು. ಅವನು ಇಳಿಯಲು ತೆಗೆದುಕೊಂಡ ಹೊತ್ತು ಹತ್ತಿದ್ದಕ್ಕಿಂತ ಹೆಚ್ಚು.

ಮೂಲೆಯಲ್ಲಿ ತಾಡಪಾಲು ಹೊದ್ದುಕೊಂಡಿದ್ದ ಗಿಡ್ಡ ಗಾಡಿಯೊಂದನ್ನು ಅವಳು ಆಗ ಕಂಡಳೋ, ಮೊದಲೇ ಕಂಡಿದ್ದಳೋ. ಅದೇನು ಎಂದು ಕೇಳಿದಳು. ಷೋರೂಮಿನವನು ಅಷ್ಟೇನೂ ಉತ್ಸಾಹವಿಲ್ಲದೆ ತಾಡಪಾಲು ಸರಿಸಿದ. ಇದರಲ್ಲಿ ಕ್ಲಚ್ಚೂ ಇಲ್ಲ, ಗೇರು ಹಾಕುವ ರಗಳೆಯೂ ಇಲ್ಲ. ಬಲಗಾಲಿನ ಕೆಳಗೆ ಎರಡು ಪೆಡಲು, ಒಂದು ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ. ಎಡಗಾಲಿಗೆ ಕೆಲಸವೇ ಇಲ್ಲ. ತೋಟದವರು, ಆಟದ ಮೈದಾನದವರು ಒಯ್ಯುತ್ತಾರೆ, ರೈತರು ಮೂಸಿ ನೋಡುವುದಿಲ್ಲ ಎಂದ.

ಎಡಗಾಲಿಗೆ ಕೆಲಸವೇ ಇಲ್ಲ. ಅವಳು ಗಂಡನ ಕಡೆ ನೋಡಲಿಲ್ಲ. ಟೇಪು ತೆಗೆದು ಗಾಲಿಗಳ ಅಗಲ ಹಿಡಿದಳು. ಐದಡಿಯ ಕಟರು ಅದಕ್ಕಿಂತ ಒಂದು ಗೇಣು ಹೆಚ್ಚೇ ಅಗಲವಾಗುತ್ತಿತ್ತು. ಎದ್ದು ನಿಂತಾಗ ಅವಳ ಕಣ್ಣು ಒಂದು ಗಳಿಗೆ ಕೆಂಪು ಗಾಡಿಯ ಮೇಲೆ ಹೋಗಿಬಂತು. ಅದನ್ನೇ ತಂದರೆ ಅದು ಅವಳದು. ಅದರ ಮೇಲೆ ಬೇರೆ ಯಾರೂ ಕೂರಲಾರರು. ಇದನ್ನು ತಂದರೆ, ಕೂರಬಲ್ಲವರು ಇಬ್ಬರು. ಒಮ್ಮೆ ಕುಳಿತ ಮೇಲೆ ಅವನು ಇಳಿಯುವವನಲ್ಲವೆಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನನಗೆ ಇದೇ ಸಾಕು" ಎಂದಳು. "ಆ ಕ್ಲಚ್ಚು ನನ್ನ ಕೈಲಾಗಲ್ಲ. ಮಂಡಿ ನೋವು."

"ಈಗಷ್ಟೇ ಎರಡು ಸುತ್ತು ಹೊಡೆದ್ರಲ್ಲ ಅತ್ತಿಗೆ, ಹೂವೆತ್ತಿದ ಹಾಗೆ" ಎಂದ ಮೈದುನ.

"ಅದಕ್ಕೇ ಈಗ ನೋಯ್ತಿರೋದು."

ಗಂಡ ಅವಳನ್ನೇ ನೋಡುತ್ತಿದ್ದ. ಅವಳು ಮಂಡಿಯನ್ನು ನೀವಿಕೊಂಡಳು. ಆತುರದಲ್ಲಿ ಯಾವ ಮಂಡಿ ಎಂದು ಯೋಚಿಸಿರಲಿಲ್ಲ, ಬಲಗಾಲಿನದನ್ನು ನೀವುತ್ತಿದ್ದಳು. ಅವನು ಮುಖ ತಿರುಗಿಸಿ ಷೋರೂಮಿನವನನ್ನು ಒಂದೊಂದೇ ಕೇಳತೊಡಗಿದ. ಆಯಿಲು ಎಷ್ಟು ಹಿಡಿಯುತ್ತದೆ, ಇಳಿಜಾರಿನಲ್ಲಿ ಕಾಲು ತೆಗೆದರೆ ನಿಲ್ಲುತ್ತದೋ ಜಾರುತ್ತದೋ, ನಾಲ್ಕೂ ಗಾಲಿ ಎಳೆಯುತ್ತವೋ, ಬಕೆಟ್ ತುಂಬಿದಾಗ ಹಿಂದಿನ ಗಾಲಿ ಹಗುರಾಗದ ಹಾಗೆ ಭಾರ ಕಟ್ಟಬಹುದೋ. ಲಾರಿ ಕೊಳ್ಳುವಾಗಲೂ ಅವನು ಹೀಗೇ ಒಂದು ಬೋಲ್ಟನ್ನೂ ಬಿಡದೆ ಕೇಳಿದ್ದ. ಹೀಗೆ ಗಿಡ್ಡ ಗಾಡಿ, ಕಟರು, ಕುಂಟೆ, ಬಕೆಟ್ ಎಲ್ಲ ನಿಗದಿಯಾದವು. ಈ ಮನೆಯಲ್ಲಿ ನನ್ನ ಮಾತು ಯಾರು ಕೇಳುತ್ತಾರೆ ಎಂದು ಮೈದುನ ಗೊಣಗಿದ.

ವಾಪಸು ಬರುವಾಗ ಮೈದುನ ಕಾರು ನಿಲ್ಲಿಸಿ ಪೆಟ್ರೋಲು ಹಾಕಿಸಲು ಇಳಿದ. ಹಿಂದಿನ ಸೀಟಿನಲ್ಲಿ ಅವರಿಬ್ಬರೇ.

"ಯಾವ ಮಂಡೀನೇ ನೋವು?" ಎಂದ ಗಂಡ.

ಅವಳು ಹೊರಗೆ ನೋಡುತ್ತ, "ಎರಡೂ" ಎಂದಳು.

ಅವನು ಹೂಂ ಎಂದ.

ಮುಂದಿನ ವಾರ ಗಾಡಿ ಬಂತು. ಹಸುಗಳನ್ನು ಬೇಲಿಯಾಚೆ ಅಟ್ಟಿ ಗೇಟು ತೆರೆದದ್ದು ಅವಳು. ಹತ್ತಿ ಕುಳಿತದ್ದು ಅವನು. ತಾಳು, ಮೊದಲು ನಾನು ನೋಡ್ತೀನಿ ಎಂದ, ತಿರುಗಿ ನೋಡದೆ. ಅವನ ಎಡಗಾಲು ಪಾದ ಊರುವ ತಗಡಿನ ಮೇಲೆ ಸುಮ್ಮನೆ ವಿರಮಿಸಿತ್ತು. ಬಲಗಾಲು ಒತ್ತಿದ. ಗಾಡಿ ಹೊರಟಿತು. ಮೊದಲನೆಯ ಸಾಲು ಚೂರು ಸೊಟ್ಟಗಾಯಿತು, ಎರಡನೆಯದು ನೇರವಾಯಿತು, ಮೂರನೆಯದಕ್ಕೆ ಅವನು ಒಂದು ಕೈ ಬಿಟ್ಟು ಹಿಂದಕ್ಕೆ ತಿರುಗಿ ಕಟರನ್ನು ನೋಡಿಕೊಳ್ಳತೊಡಗಿದ್ದ. ಕಡಿದ ಹುಲ್ಲಿನ ಹಸಿವಾಸನೆ ಗೇಟಿನವರೆಗೂ ಬಂತು. ಹಸುಗಳು ಬೇಲಿಗೆ ಸಾಲಾಗಿ ನಿಂತು, ತಮ್ಮ ಊಟವನ್ನು ಯಾರೋ ಕದಿಯುತ್ತಿರುವಂತೆ ನೋಡಿದವು.

ನಾಲ್ಕು ಸಾಲಾದರೆ ಇಳಿಯಬಹುದು ಎಂದುಕೊಂಡಳು. ಐದಾಯಿತು. ಗೇಟಿನ ಹತ್ತಿರ ಬಂದಾಗೆಲ್ಲ ಅವನ ಮುಖ ಕಾಣುತ್ತಿತ್ತು. ಆ ಮುಖದಲ್ಲಿ ಅವಳು ಇರಲಿಲ್ಲ, ಯಾರೂ ಇರಲಿಲ್ಲ, ಮುಂದಿನ ಸಾಲು ಮಾತ್ರ ಇತ್ತು. ಲಾರಿಯಲ್ಲಿ ಪಕ್ಕ ಕೂತಾಗ ಅವಳು ಇಷ್ಟಪಟ್ಟು ನೋಡುತ್ತಿದ್ದ ಮುಖ ಅದು. ಎರಡು ವರ್ಷ ಎಲ್ಲೋ ಹೋಗಿದ್ದು ಈಗ ಬಂದಿತ್ತು. ಅದಕ್ಕೆ ಅವಳಿಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳು. ತನಗೆಂದು ಆಸೆಪಟ್ಟು ಆರಿಸಿಟ್ಟ ಬಟ್ಟೆಯನ್ನು ತಾನೇ ಬೇರೆಯವರ ಅಳತೆಗೆ ಕತ್ತರಿಸಿ, ಅದು ಅವರ ಮೈಗೆ ಚೆನ್ನಾಗಿ ಒಪ್ಪಿದಾಗ ಆಗುವಂಥ ಸಂತೋಷ ಅದು. ಚೆನ್ನಾಗಿದೆ ಎನ್ನಬೇಕು, ಅನ್ನುತ್ತೇವೆ, ಆಮೇಲೆ ಕತ್ತರಿಯನ್ನು ಒರೆಸಿ ಒಳಗಿಡುತ್ತೇವೆ. ಹೊಲಿಯಲು ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿತ್ತು. ಅವಳು ಮನೆಗೆ ಹೋದಳು.

ಬಿಸಿಲೇರಿದ ಮೇಲೆ ಟೀ ಫ್ಲಾಸ್ಕು ಹಿಡಿದು ಮತ್ತೆ ಬಂದಾಗ ಗಾಡಿಯ ಸದ್ದಿರಲಿಲ್ಲ. ಕೆಟ್ಟಿತೇ, ಬಿದ್ದನೇ ಎಂದು ಅವಳು ಓಡಿದಳು. ಏನೂ ಆಗಿರಲಿಲ್ಲ. ಹುಲ್ಲುಗಾವಲಿನ ಈಚೆಯ ಅರ್ಧ ನುಣ್ಣಗೆ ಸವರಿ ಬಾಚಿದಂತೆ ಬಿದ್ದಿತ್ತು. ಆಚೆಯ ಅರ್ಧ ಮಂಡಿಯೆತ್ತರ ನಿಂತೇ ಇತ್ತು. ಎರಡರ ನಡುವೆ, ಮುಂದಿನ ಸಾಲಿಗೆ ಮುಖಮಾಡಿ, ಗಾಡಿ ನಿಂತಿತ್ತು. ಅವನು ಅದರ ನೆರಳಲ್ಲಿ ಕಾಲು ಚಾಚಿಕೊಂಡು ಕುಳಿತಿದ್ದ.

ಟೀ ಕುಡಿದ. ಜೌಗಿನ ಕಡೆ ಹೋಗುವಾಗ ಬಕೆಟ್ಟು ತಗ್ಗಿಸಿಕೊಂಡಿರಬೇಕು, ತಿರುವಿನಲ್ಲಿ ಕಟರನ್ನು ಎತ್ತಬೇಕು ಎಂದು ಲೋಟವನ್ನು ನೋಡುತ್ತ ಹೇಳಿದ. ಯಾರು ಎತ್ತಬೇಕೆಂದು ಹೇಳಲಿಲ್ಲ.

ಆಮೇಲೆ ಅವನು ಗಾಲಿ ಹಿಡಿದು ಎದ್ದ. ಸೀಟಿನ ಕೆಳಗೆ ಕೈ ತೂರಿಸಿ ಏನನ್ನೋ ತಡಕಾಡಿದ. ಅಲ್ಲೊಂದು ಸಣ್ಣ ಲಿವರು ಇರುವುದು ಅವಳಿಗೆ ಗೊತ್ತಿರಲಿಲ್ಲ. ಕಬ್ಬಿಣ ಕಿರ್ರೆಂದಿತು. ಇನ್ನೊಂದು ಕೈಯಿಂದ ದೂಡಿದಾಗ ಸೀಟು ಸ್ಟೀರಿಂಗಿನತ್ತ ಒಂದು ಹಲ್ಲು ಸರಿಯಿತು. ಅವನು ಅವಳ ಕಾಲುಗಳನ್ನೊಮ್ಮೆ ನೋಡಿ, ಇನ್ನೊಂದು ಹಲ್ಲು ಸರಿಸಿದ. ಸೀಟಿನ ಮೇಲೆ ಬಿದ್ದಿದ್ದ ಹುಲ್ಲಿನ ಚೂರುಗಳನ್ನು ಅಂಗೈಯಿಂದ ಒರೆಸಿ, ಕಮಾನು ಹಿಡಿದು ಪಕ್ಕಕ್ಕೆ ನಿಂತ.

ಸೀಟು ಈಗ ಸ್ಟೀರಿಂಗಿಗೆ ಬಹಳ ಹತ್ತಿರವಿತ್ತು. ಅವನ ಮಂಡಿ ಅಲ್ಲಿ ಹಿಡಿಸುತ್ತಿರಲಿಲ್ಲ.