ಮೇಜಿಗೊಂದು ಪಿಪೆಟ್

ಭಾನುವಾರ ಮಧ್ಯಾಹ್ನ ಹಾಸನದ ಗೂಡ್ಸ್ ಶೆಡ್ಡಿನಲ್ಲಿ ಕೊನೆಯ ಆಲೂಗೆಡ್ಡೆ ಮೂಟೆಯನ್ನು ವ್ಯಾಗನ್ನಿಗೆ ಏರಿಸಿ, ನಲ್ಲಿಯ ಕೆಳಗೆ ಕುತ್ತಿಗೆ ಒಡ್ಡಿ ಮಣ್ಣು ತೊಳೆದುಕೊಂಡು, ದೇವಯ್ಯ, ಪದ್ಮರಾಜಯ್ಯ ಮೇಷ್ಟ್ರ ಮನೆಯ ಕಡೆ ಕಾಲೆಳೆಯುತ್ತ ಹೊರಡುತ್ತಿದ್ದ. ಅಷ್ಟು ಹೊತ್ತಿಗೆ ಬೆನ್ನು ಹಣ್ಣಾಗಿ ಹೋಗಿರುತ್ತಿತ್ತು. ಇದೇ ಬೆನ್ನಿನ ಮೇಲೆ ಇನ್ನು ಕೆಮಿಸ್ಟ್ರಿಯ ವೇಲೆನ್ಸಿಯನ್ನೂ ಹೊರಬೇಕಲ್ಲಪ್ಪ ಎಂದು ನೆನೆದರೆ, ಅಲ್ಲೇ ಹಳಿಯ ಪಕ್ಕದಲ್ಲಿ ಟವೆಲು ಹಾಸಿ ಮಲಗಿಬಿಡೋಣ ಅನ್ನಿಸುತ್ತಿತ್ತು.

ಬಾಗೂರಿನ ಮಾರಮ್ಮನ ಮಗ ಈ ದೇವಯ್ಯ. ಪಿಯುಸಿಯಲ್ಲಿ ಬೇರೆಲ್ಲ ವಿಷಯ ದಾಟಿದ್ದ. ಕೆಮಿಸ್ಟ್ರಿ ಒಂದು ಮಾತ್ರ ಎರಡು ಸಲ ಅವನನ್ನು ಕೆಡವಿತ್ತು. ಕಾಂಪೌಂಡರ್ ತರಬೇತಿಗೆ ಸೇರಬೇಕಾದರೆ ಅದೊಂದು ಪಾಸಾಗಬೇಕು. ವಯಸ್ಸಿನ ಮಿತಿಯೋ ಈ ವರ್ಷಕ್ಕೆ ಮುಗಿಯುತ್ತಿತ್ತು. ಅರವತ್ತಮೂರನೆಯ ಇಸವಿಯ ಅಕ್ಟೋಬರ್ ಪರೀಕ್ಷೆ ಕೈಬಿಟ್ಟರೆ ಆಮೇಲೆ ಬದುಕಿಡೀ ಮೂಟೆಯೇ ಗತಿ. ಊರಿಗೆ ಹೋದಾಗಲೆಲ್ಲ ಮಾರಮ್ಮ ಅವನ ಹೆಗಲಿಗೆ ಎಣ್ಣೆ ತಿಕ್ಕುತ್ತ ಒಂದೇ ಮಾತು ಹೇಳುತ್ತಿದ್ದಳು. "ನೀನು ಕಾಂಪೌಂಡ್ರಾಗು ಕಣ್ಲಾ. ಊರೋರೆಲ್ಲಾ ನಿನ್ ಕೈಯಿಂದ ಔಸ್ದಿ ಈಸ್ಕಂಡು ಕುಡೀಲಿ, ನಾನು ನೋಡ್ತೀನಿ." ಬೇರೆ ಯಾವ ಆಸೆಯನ್ನೂ ಆಕೆ ಮಗನ ಮುಂದೆ ಹೇಳಿದವಳಲ್ಲ. ಅದಕ್ಕೇ ಅದು ಅವನಿಗೆ ಮೂಟೆಗಿಂತ ಭಾರವಾಗಿತ್ತು.

ಪದ್ಮರಾಜಯ್ಯನವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್. ಬೆಳಗೊಳದ ಕಡೆಯ ಜೈನರು, ಐವತ್ತು ದಾಟಿದವರು, ಗೊಣಗಿಕೊಂಡೇ ಉಪಕಾರ ಮಾಡುವ ಜನ. ಎರಡನೆಯ ಸಲ ಫೇಲಾದ ಮೇಲೆ ದೇವಯ್ಯ ಹೋಗಿ ನಿಂತಾಗ, ನಿನ್ನಂಥ ಸೋಮಾರಿಗೆ ಹೇಳಿಕೊಡುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದು ಬೈದು, ಭಾನುವಾರ ಬಾ ಎಂದಿದ್ದರು. ಗುರುಗಳಿಗೆ ಏನಾದರೂ ಒಯ್ಯೋಣವೆಂದರೆ ದೇವಯ್ಯನ ಕೈಗೆ ಸಿಗುತ್ತಿದ್ದುದು ಆಲೂಗೆಡ್ಡೆ. ಆ ಮನೆಯಲ್ಲೋ ನೆಲದೊಳಗೆ ಬೆಳೆದ ಗೆಡ್ಡೆ ಹೊಸಿಲು ದಾಟುವಂತಿಲ್ಲ. ಕೊನೆಗೆ ಸಂತೆಯಲ್ಲಿ ನಾಲ್ಕು ನಿಂಬೆಹಣ್ಣು ಕೊಂಡು ಜೇಬಿಗಿಳಿಸಿಕೊಂಡು ಹೋಗುತ್ತಿದ್ದ.

ಪಾಠ ಜಗಲಿಯ ಮೇಲೆ. ಹೋದಕೂಡಲೇ ಮೇಷ್ಟ್ರ ಹೆಂಡತಿ ಜಿನಮ್ಮನವರು ಚೊಂಬಿನಲ್ಲಿ ಶೋಧಿಸಿದ ನೀರು ತಂದು ಮೇಲಿಂದ ಹುಯ್ಯುತ್ತಿದ್ದರು, ಇವನು ಬಗ್ಗಿ ಬೊಗಸೆಯೊಡ್ಡಿ ಕುಡಿಯುತ್ತಿದ್ದ. ಕೆಟ್ಟ ಹೆಂಗಸಲ್ಲ ಆಕೆ. ಸಾಕೇನಪ್ಪ, ಇನ್ನೂ ಬೇಕೇ ಎಂದು ಕೇಳಿ ಕೇಳಿಯೇ ಹುಯ್ಯುತ್ತಿದ್ದರು. ಹುಟ್ಟಿದಾಗಿನಿಂದ ದೇವಯ್ಯ ನೀರು ಕುಡಿದದ್ದೇ ಹಾಗೆ, ಆದ್ದರಿಂದ ಅದರ ಬಗ್ಗೆ ಯೋಚಿಸುತ್ತಲೂ ಇರಲಿಲ್ಲ.

ಮೇಷ್ಟ್ರು ಅಡಿಪಾಯದಿಂದ ಹಿಡಿದರು. ಪರಮಾಣು ಎಂದರೇನು, ಯಾವುದಕ್ಕೆ ಎಷ್ಟು ವೇಲೆನ್ಸಿ, ಆಸಿಡ್ಡಿಗೂ ಆಲ್ಕಲಿಗೂ ಏನು ವ್ಯತ್ಯಾಸ, ಎರಡೂ ಸೇರಿದರೆ ಉಪ್ಪೂ ನೀರೂ ಹೇಗಾಗುತ್ತವೆ. ಸಮೀಕರಣದ ಎಡಗಡೆ ಇದ್ದದ್ದೆಲ್ಲ ಬಲಗಡೆ ಬಂದಿರಬೇಕು, ಒಂದು ಪರಮಾಣುವೂ ಕಳೆದುಹೋಗಕೂಡದು. ದೇವಯ್ಯ ಕಣ್ಣು ಎಳೆಯುತ್ತಿದ್ದರೂ ಬಾಯಿಪಾಠ ಒಪ್ಪಿಸುತ್ತಿದ್ದ. ಮೂಟೆ ಹೊರುವಾಗಲೂ ಸೋಡಿಯಂ ಒಂದು, ಕ್ಯಾಲ್ಸಿಯಂ ಎರಡು, ಅಲ್ಯೂಮಿನಿಯಂ ಮೂರು ಎಂದು ಹೆಜ್ಜೆ ಹಾಕಿ, ಜೊತೆಯ ಹಮಾಲಿಗಳಿಂದ ಹುಚ್ಚ ಅನ್ನಿಸಿಕೊಂಡಿದ್ದ. ಹೊತ್ತು ಮುಳುಗುವ ಮೊದಲೇ ಆ ಮನೆಯವರ ಊಟವಾಗಬೇಕು. ಹಾಗಾಗಿ ಬಿಸಿಲು ಜಗಲಿಯ ಕಂಬ ಬಿಡುತ್ತಿದ್ದಂತೆ ಜಿನಮ್ಮ ಒಳಗಿನಿಂದ ಕೆಮ್ಮುವರು, ಕೆಮಿಸ್ಟ್ರಿ ಅಲ್ಲಿಗೆ ನಿಲ್ಲುವುದು.

ಪರೀಕ್ಷೆಗೆ ಇನ್ನು ಎರಡು ಭಾನುವಾರ ಉಳಿದಿತ್ತು. ಮೇಷ್ಟ್ರು, ಇಷ್ಟೆಲ್ಲ ಬರುವವನು ಪ್ರಾಕ್ಟಿಕಲ್ಲಿನಲ್ಲಿ ಎರಡು ಸಲ ಹೇಗಯ್ಯ ಮಣ್ಣು ಮುಕ್ಕಿದೆ ಎಂದು ಕೇಳಿದರು. ಹಾಗೆಂದವರೇ ಒಳಗೆ ಹೋಗಿ ಒಂದು ಬಟ್ಟಲಲ್ಲಿ ಸುಣ್ಣದ ತಿಳಿ, ಇನ್ನೊಂದರಲ್ಲಿ ಇವನೇ ತಂದ ನಿಂಬೆಯ ರಸ, ಚಿಟಿಕೆ ಅರಿಶಿನ ತಂದಿಟ್ಟರು. ಕಾಲೇಜಿನಿಂದ ತಂದಿದ್ದ ಪಿಪೆಟ್ಟನ್ನೂ ಹೊರಗೆ ತೆಗೆದರು. ನಡುವೆ ಬಸುರಾದ, ಉದ್ದನೆಯ ಗಾಜಿನ ಕೊಳವೆ ಅದು. ಮೇಲಿನ ತುದಿಗೆ ಬಾಯಿಟ್ಟು ದ್ರಾವಣವನ್ನು ಗೆರೆಯವರೆಗೆ ಹೀರಬೇಕು, ತಟ್ಟನೆ ಬಾಯಿ ತೆಗೆದು ಬೆರಳಿನಿಂದ ಮುಚ್ಚಬೇಕು. ಮೇಷ್ಟ್ರು ತಾವೇ ಹೀರಿ, ಬೆರಳಿಟ್ಟು, ಸುಣ್ಣದ ತಿಳಿಯನ್ನು ಲೋಟಕ್ಕೆ ಇಳಿಸಿದರು. ಅರಿಶಿನ ಹಾಕಿದ್ದೇ ಕೆಂಪಗಾಯಿತು. ಇಂಕ್ ಫಿಲ್ಲರಿನಲ್ಲಿ ನಿಂಬೆರಸವನ್ನು ತೊಟ್ಟು ತೊಟ್ಟಾಗಿ ಬಿಟ್ಟಂತೆ ಕೆಂಪು ಹೋಗಿ ಹಳದಿ ತಿರುಗಿತು.

"ಈಗ ನೀನು ಮಾಡು," ಎಂದು ಪಿಪೆಟ್ ಚಾಚಿದರು.

ದೇವಯ್ಯ ಅದನ್ನು ಬಟ್ಟಲಲ್ಲಿ ಅದ್ದಿ, ಬೆರಳು ಮುಚ್ಚಿ ಎತ್ತಿದ. ಕಾಲುಭಾಗವೂ ತುಂಬಿರಲಿಲ್ಲ. ಮತ್ತೆ ಅದ್ದಿದ, ಮತ್ತೆ ಅಷ್ಟೇ.

"ಬಾಯಿ ಇಡಯ್ಯ. ಪರೀಕ್ಷೆಯಲ್ಲಿ ಹೇಗೆ ತುಂಬಿದೆ?"

"ಅಳತೆ ಜಾಡೀನಾಗೆ ಉಯ್ಕಂಡೆ ಸಾ."

ಅಳತೆ ಜಾಡಿಯಲ್ಲಿ ಹುಯ್ದರೆ ಲೆಕ್ಕ ತಪ್ಪದೆ ಇನ್ನೇನಾಗುತ್ತದೆ! ಮೇಷ್ಟ್ರಿಗೆ ರೇಗಿತು. ಪಿಪೆಟ್ ಮೇಜಿನ ಮೇಲೆಯೇ ಇರುತ್ತದೆ, ಕಣ್ಣು ಕಾಣಲಿಲ್ಲವೇ ಎಂದು ಗದರಿದರು.

"ಇತ್ತು ಸಾ. ಮೇಜಿಗೊಂದೇ. ನಾನು ಬಾಯಿಟ್ರೆ ಆಮ್ಯಾಕೆ ಅದ್ನ ಯಾರೂ ಮುಟ್ಟಾಕಿಲ್ಲ. ಎಲ್ಲಾರ್ದೂ ಆಗ್ಲಿ ಅಂತ ನಿಂತ್ಕಂಡಿದ್ದೆ. ನನ್ ಸರದಿ ಬರೋವತ್ಗೆ ಟೈಮ್ ಆಗೋಗಿತ್ತು."

ಕಾಲೇಜು ಸೇರಿದ ಹೊಸದರಲ್ಲಿ ಒಮ್ಮೆ ಬಾಯಿಟ್ಟು ಹೀರಿದ್ದನಂತೆ. ಯಾರೂ ಏನೂ ಅನ್ನಲಿಲ್ಲ. ಪಕ್ಕದವನು ಕೈ ತೊಳೆಯಲು ಹೋದವನು ಆ ಮೇಜಿಗೆ ಬರಲೇ ಇಲ್ಲ, ಮಿಕ್ಕವರು ಬೇರೆ ಮೇಜಿನ ಪಿಪೆಟ್ಟಿಗೆ ಕಾದರು. ಅಂದಿನಿಂದ ಇವನೇ ಹಿಂದೆ ಸರಿದು ನಿಲ್ಲುವುದು ರೂಢಿಯಾಯಿತು. ಬಯ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು, ಸುಮ್ಮನಿದ್ದವರ ಜೊತೆ ಏನು ಆಡುವುದು?

"ನನಗೆ ಹೇಳಬಾರದಾಗಿತ್ತೇನಯ್ಯ?" ಮೇಷ್ಟ್ರ ದನಿ ಇಳಿದಿತ್ತು.

"ನೀವೂ ಅಲ್ಲೇ ಇದ್ರಲ್ಲ ಸಾ."

ಚುಚ್ಚಬೇಕೆಂದು ಅಂದದ್ದಲ್ಲ. ಸುಸ್ತಾಗಿದ್ದ, ಇದ್ದದ್ದು ಬಾಯಿಗೆ ಬಂತು, ಅಷ್ಟೇ. ಮೇಷ್ಟ್ರು ಪಿಪೆಟ್ಟನ್ನು ಅವನ ಕೈಗಿಟ್ಟು, ಹೀರು ಎಂದು ಸನ್ನೆ ಮಾಡಿದರು. ದೇವಯ್ಯ ಹೀರಿದ. ರಭಸಕ್ಕೆ ಸುಣ್ಣದ ತಿಳಿ ನಾಲಗೆಗೆ ನುಗ್ಗಿ ಸುಟ್ಟಿತು, ಉಗಿದು ಬಂದ. ಮತ್ತೆ ಹೀರಿದಾಗ ಗೆರೆಯವರೆಗೆ ಬಂತು, ಆದರೆ ಬೆರಳು ಜಾರಿತು. ಬೆರಳು ಹೀಗಲ್ಲ, ಕೊಡಿಲ್ಲಿ ತೋರಿಸುತ್ತೇನೆ ಎಂದು ಮೇಷ್ಟ್ರು ಪಿಪೆಟ್ ಈಸಿಕೊಂಡರು. ಸುಣ್ಣದ ತಿಳಿಯಲ್ಲಿ ಜಾಲಾಡಿಸಿದರು. ಬಾಯಿಯ ಹತ್ತಿರ ತಂದರು. ಬಾಗಿಲಲ್ಲಿ ಜಿನಮ್ಮ ನಿಂತಿದ್ದರು.

ಕೊಳವೆ ಅಲ್ಲೇ ನಿಂತಿತು. ಹೊತ್ತು ಮುಳುಗುತ್ತ ಬಂತು, ಊಟದ ಸಮಯ, ಮುಂದಿನ ವಾರ ನೋಡೋಣ ಎಂದು ಮೇಷ್ಟ್ರು ಎದ್ದುಬಿಟ್ಟರು. ಬಿಸಿಲು ಇನ್ನೂ ಕಂಬದ ಮೇಲೆಯೇ ಇತ್ತು. ದೇವಯ್ಯನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಲಿಕ್ಕೂ ಮೈಯಲ್ಲಿ ಕಸುವು ಬೇಕು.

ಮುಂದಿನ ಭಾನುವಾರ ಅವರು ಪೇಪರಿನಲ್ಲಿ ಸುತ್ತಿದ ಹೊಸ ಪಿಪೆಟ್ ಒಂದನ್ನು ಅವನ ಮುಂದಿಟ್ಟರು. "ಇದು ನಿನ್ನದೇ. ಪರೀಕ್ಷೆಗೂ ಇದನ್ನೇ ತಾ. ಯಾರಿಗೂ ಕಾಯಬೇಕಾಗಿಲ್ಲ." ಗುರುಗಳು ತನಗಾಗಿ ಇಷ್ಟು ಮಾಡಿದರಲ್ಲ ಎಂದು ದೇವಯ್ಯನ ಕಣ್ಣು ತುಂಬಿತು. ನನಗೆ ಬೇರೆಯೇ ಬೇಕಾಯಿತಲ್ಲ ಎಂದೂ ಅನ್ನಿಸಿತು. ಎರಡನ್ನೂ ನುಂಗಿಕೊಂಡು ಅವನು ಕತ್ತಲಾಗುವವರೆಗೆ ಹೀರಿದ, ಬಿಟ್ಟ, ಹೀರಿದ. ಅವತ್ತು ಜಿನಮ್ಮ ಎಷ್ಟು ಕೆಮ್ಮಿದರೂ ಮೇಷ್ಟ್ರು ಏಳಲಿಲ್ಲ, ರಾತ್ರಿ ಉಪವಾಸವೇ ಮಲಗಿರಬೇಕು.

ಥಿಯರಿ ಸಲೀಸಾಗಿ ಮುಗಿಯಿತು. ಪ್ರಾಕ್ಟಿಕಲ್ ದಿನ ದೇವಯ್ಯ ಒಗೆದ ಷರಟಿನ ಜೇಬಿನಲ್ಲಿ ಆ ಪೇಪರಿನ ಸುರುಳಿಯನ್ನು ಸಿಕ್ಕಿಸಿಕೊಂಡು ಲ್ಯಾಬಿಗೆ ಹೋದ. ಅವನ ಮೇಜಿನಲ್ಲಿ ಇನ್ನಿಬ್ಬರು, ಅದರಲ್ಲಿ ಅರಕಲಗೂಡಿನ ರಂಗಸ್ವಾಮಿ ಹಳೆಯ ತರಗತಿಯ ಪರಿಚಯದವನೇ. ತೊಟ್ಟು ತೊಟ್ಟಾಗಿ ಬಿಡುವ ಬ್ಯೂರೆಟ್ ಒಬ್ಬೊಬ್ಬರಿಗೆ ಒಂದೊಂದು, ಪಿಪೆಟ್ ಮೊದಲಿನಂತೆ ಮೂವರಿಗೆ ಒಂದು. ದೇವಯ್ಯ ತನ್ನದನ್ನು ಹೊರಗೆ ತೆಗೆಯುತ್ತಿದ್ದಂತೆ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಅದೇನು ಎಂದು ಬಂದರು. ಪದ್ಮರಾಜಯ್ಯನವರು ಮುಂದೆ ಬಂದು, ನಾನೇ ಒಪ್ಪಿಗೆ ಕೊಟ್ಟದ್ದು ಸಾರ್ ಎಂದು ತೊದಲಿದರು. ಪರೀಕ್ಷಕರು ಕೇಳಲಿಲ್ಲ. ಪರೀಕ್ಷೆಯಲ್ಲಿ ಮೇಜಿನ ಮೇಲಿನ ಸಾಮಾನು ಬಿಟ್ಟು ಬೇರೇನೂ ನಡೆಯದು ಎಂದು ಸುರುಳಿಯನ್ನು ಒಯ್ದು ತಮ್ಮ ಮೇಜಿನ ಮೇಲಿಟ್ಟರು.

ಮತ್ತೆ ಅದೇ ಜಾಗ, ಅದೇ ಒಂದು ಪಿಪೆಟ್. ರಂಗಸ್ವಾಮಿಯ ಕೈ ಆಗಲೇ ಅದರ ಕಡೆ ಹೊರಟಿತ್ತು. ಹಿಂದೆ ಸರಿದು ನಿಲ್ಲಲು ದೇವಯ್ಯನ ಮೈ ತಾನಾಗಿಯೇ ಅರ್ಧ ತಿರುಗಿತ್ತು. ಬೆನ್ನು ಎಳೆಯಿತು, ಹೆಗಲು ಎಳೆಯಿತು, ಅವ್ವನ ಎಣ್ಣೆಗೈ ನೆನಪಾಯಿತು. ಸಾಕಪ್ಪ ಸಾಕು, ಎಷ್ಟೂಂತ ನಿಲ್ಲೋದು ಅನ್ನಿಸಿತು. ಕೈ ಚಾಚಿ ಪಿಪೆಟ್ ತೆಗೆದುಕೊಂಡ.

"ನಂದಾದ್ಮ್ಯಾಕೆ ತಕಳಿ," ಅಂದ.

ಜಾಲಾಡಿಸಿದ, ಬಾಯಿಟ್ಟು ಹೀರಿದ, ಮೂರು ಫ್ಲಾಸ್ಕಿಗೂ ಅಳತೆಗೆ ಸರಿಯಾಗಿ ತುಂಬಿ, ಪಿಪೆಟ್ಟನ್ನು ತೊಳೆದು ಮೇಜಿನ ನಡುವೆ ಇಟ್ಟ. ಯಾರೂ ಮುಟ್ಟಲಿಲ್ಲ. ರಂಗಸ್ವಾಮಿ ಗಡಿಯಾರ ನೋಡಿದ, ಪಿಪೆಟ್ ನೋಡಿದ, ಆಮೇಲೆ ಕೈಯೆತ್ತಿ, ಬೇರೆ ಪಿಪೆಟ್ ಬೇಕಿತ್ತು ಸಾ ಅಂದ. ಪರೀಕ್ಷಕರು ಲ್ಯಾಬಿನ ಆ ಕೊನೆಯಲ್ಲಿದ್ದರು. ಪದ್ಮರಾಜಯ್ಯನವರು ಬಂದರು. ಬೀರುವಿನಲ್ಲಿ ಪಿಪೆಟ್ಟುಗಳಿದ್ದದ್ದು ದೇವಯ್ಯನಿಗೆ ಗೊತ್ತು, ಬೀಗದ ಕೈ ಅವರ ಜೇಬಿನಲ್ಲಿತ್ತು. ಈಗ ಬೀರು ತೆರೆಯುತ್ತದೆ, ಎಲ್ಲರ ಕಣ್ಣೆದುರಿಗೆ ಇನ್ನೊಂದು ಸಲ ಎಲ್ಲವೂ ಆಗುತ್ತದೆ ಎಂದು ಅವನ ಕಣ್ಣು ಆ ಕಡೆ ಹೋಯಿತು. ಅಷ್ಟರಲ್ಲಿ ಅವನು ತೆರೆದಿದ್ದ ಬ್ಯೂರೆಟ್ ಹರಿದು ಮೊದಲನೆಯ ಫ್ಲಾಸ್ಕಿನ ಬಣ್ಣ ಹದ ಮೀರಿಹೋಯಿತು. ಉಳಿದದ್ದು ಎರಡು. ಅವೆರಡರ ಲೆಕ್ಕ ಒಂದೇ ಬರದಿದ್ದರೆ ಎಲ್ಲ ಮುಗಿದಂತೆ.

"ಏನಾಗಿದೆ ಇದಕ್ಕೆ?" ಪದ್ಮರಾಜಯ್ಯನವರು ಕೇಳಿದರು.

ಪಾಪ, ರಂಗಸ್ವಾಮಿಯಾದರೂ ಏನು ಹೇಳಿಯಾನು?

ಮೇಷ್ಟ್ರು ಪಿಪೆಟ್ಟನ್ನು ಎತ್ತಿಕೊಂಡರು. ದ್ರಾವಣದಲ್ಲಿ ಒಮ್ಮೆ ಜಾಲಾಡಿಸಿದರು. ಆಮೇಲೆ, ದೇವಯ್ಯ ಬಾಯಿಟ್ಟಿದ್ದ ತುದಿಗೇ ಬಾಯಿಟ್ಟು ಗೆರೆಯವರೆಗೆ ಹೀರಿ, ಬೆರಳು ಮುಚ್ಚಿ ಬೆಳಕಿಗೆ ಹಿಡಿದು, ಸಿಂಕಿಗೆ ಬಿಟ್ಟರು.

"ಸರಿಯಾಗಿದೆ. ತಗೋ."

ರಂಗಸ್ವಾಮಿ ಅವರ ಮುಖ ನೋಡಿದ, ಇನ್ನೊಮ್ಮೆ ಗಡಿಯಾರ ನೋಡಿದ, ತಗೊಂಡ. ದೇವಯ್ಯ ತಲೆಯೆತ್ತಲಿಲ್ಲ. ಎತ್ತಿದರೆ ಅಳು ಬರುತ್ತಿತ್ತು, ಕಣ್ಣು ಮಂಜಾದರೆ ಬ್ಯೂರೆಟ್ಟಿನ ಗೆರೆ ಕಾಣುವುದಿಲ್ಲ. ತೊಟ್ಟು ತೊಟ್ಟಾಗಿ ಬಿಟ್ಟ. ಎರಡನೆಯದಕ್ಕೂ ಮೂರನೆಯದಕ್ಕೂ ಲೆಕ್ಕ ಒಂದೇ ಬಂತು.

ಅವನ ನಂಬರು ಪಾಸಾದವರಲ್ಲಿದ್ದದ್ದು, ಬಾಗೂರಿನಲ್ಲಿ ಮಾರಮ್ಮ ಕೇರಿಗೆಲ್ಲ ಬೆಲ್ಲ ಹಂಚಿದ್ದು ಆಮೇಲಿನ ಮಾತು. ಅವತ್ತಂತೂ ಎಲ್ಲರೂ ಹೋದ ಮೇಲೆ ಅವನಿಗೆ ಮೆಟ್ಟಿಲಿಳಿಯಲೂ ತ್ರಾಣವಿರಲಿಲ್ಲ, ಸ್ಟೂಲಿನ ಮೇಲೆ ಕೂತೇ ಇದ್ದ. ಪದ್ಮರಾಜಯ್ಯನವರು ಒಗ್ಗಿದ ಕೈಯಲ್ಲಿ ಪಿಪೆಟ್ಟುಗಳನ್ನೆಲ್ಲ ತೊಳೆದು ಮರದ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಕೊನೆಗೆ ಪರೀಕ್ಷಕರ ಮೇಜಿನಿಂದ ಪೇಪರಿನ ಸುರುಳಿ ತಂದು ಅವನ ಮುಂದೆ ಹಿಡಿದರು.

"ನಿನ್ನದು, ತಗೊಂಡು ಹೋಗು."

ದೇವಯ್ಯ ಅದನ್ನೂ ನೋಡಿದ, ಸ್ಟ್ಯಾಂಡನ್ನೂ ನೋಡಿದ.

"ಅದ್ನೂ ಅಲ್ಲೇ ಇಟ್ಬುಡಿ ಸಾ. ಎಲ್ಲಾದ್ರ ಜೊತೆಗೆ."

ಮೇಷ್ಟ್ರು ಪೇಪರು ಬಿಚ್ಚಿ, ಪಿಪೆಟ್ಟನ್ನು ತೊಳೆದು, ಸಾಲಿನಲ್ಲಿ ಖಾಲಿಯಿದ್ದ ತೂತಿಗೆ ಇಳಿಸಿದರು. ದೇವಯ್ಯ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಾಗ, ಆ ಸಾಲಿನಲ್ಲಿ ತನ್ನದು ಯಾವುದೆಂದು ಅವನಿಗೇ ಗೊತ್ತಾಗಲಿಲ್ಲ.