ಇಡಿ, ಇಡಿ!

ತನ್ನ ಬಗ್ಗೆ ತಾನೇ ಅನುಮಾನಪಡುವ ಅಭ್ಯಾಸ ಅನುಶ್ರೀಗೆ ಮೊದಲಿನಿಂದಲೂ ಇರಲಿಲ್ಲ. ಕೂಡಿಗೆ ಸುತ್ತಮುತ್ತ ಹೈಡ್ರಾ ಓಡಿಸಿದ ಮೊದಲ ಹೆಂಗಸು ಅವಳೇ. ಹೈಡ್ರಾ ಅಂದರೆ ಮರದ ದಿಮ್ಮಿ, ಕಬ್ಬಿಣದ ತೊಲೆ ಎತ್ತಿ ಲಾರಿಗೆ ತುಂಬುವ ಹಳದಿ ಕ್ರೇನು. ಅವಳು ಮೊದಲ ಸಲ ಅದರ ಸೀಟು ಹತ್ತಿದಾಗ ತಮಾಷೆ ನೋಡಲು ಸೇರಿದ್ದವರು ಮಧ್ಯಾಹ್ನದ ಹೊತ್ತಿಗೆ ಬೇಜಾರಾಗಿ ಮನೆಗೆ ಹೋದರು. ಅವಳು ಏನನ್ನೂ ಬೀಳಿಸಲೇ ಇಲ್ಲ, ಪಾಪ.

ಈಗ ಅವಳು ಕೈಹಾಕಿದ್ದು ಅದಕ್ಕಿಂತ ದೊಡ್ಡ ಕೆಲಸಕ್ಕೆ. ಕ್ರೇನು ನಡೆಸುವವರಿಗೂ ಕೆಳಗೆ ನಿಂತು ಸಿಗ್ನಲ್ ಕೊಡುವವರಿಗೂ ಈಗ ಮರದ ಡಿಪೋಗಳಲ್ಲಿ ಅಪಾಯದ ಕೆಲಸದ ಲೈಸೆನ್ಸ್ ಕೇಳುತ್ತಾರೆ. ಆ ಲೈಸೆನ್ಸಿಗೆ ಪರೀಕ್ಷೆ ಮಾಡುವ ಅಧಿಕಾರವಿದ್ದವರು ಕೊಡಗಿನಲ್ಲಿ ಒಬ್ಬರೂ ಇಲ್ಲ. ಇಲ್ಲಿಯ ಹುಡುಗರು ಕೂಲಿ ಬಿಟ್ಟು ಮೈಸೂರಿಗೆ ಹೋಗಿ, ಗುರುತಿಲ್ಲದ ಯಂತ್ರದ ಮುಂದೆ ನಿಂತು, ಗಾಬರಿಯಲ್ಲಿ ಫೇಲಾಗಿ ಜೋಲುಮೋರೆ ಹಾಕಿಕೊಂಡು ಬರುತ್ತಿದ್ದರು. ಅದನ್ನು ನೋಡಿ ನೋಡಿ ಅನುಶ್ರೀಗೆ ರೋಸಿಹೋಗಿತ್ತು. ತಾನೇ ಪರೀಕ್ಷಕಿ, ಅಂದರೆ ಅಸೆಸರ್, ಆಗುತ್ತೇನೆ ಎಂದು ಹಟ ಹಿಡಿದಳು. ಅದಕ್ಕೆ ಸ್ವಂತ ಲೈಸೆನ್ಸ್ ಬೇಕು, ಯಂತ್ರದ ಜೊತೆ ವರ್ಷಗಟ್ಟಲೆ ಏಗಿರಬೇಕು, ತರಬೇತಿ ಮುಗಿಸಿರಬೇಕು. ಅವೆಲ್ಲ ಆಗಿತ್ತು. ಉಳಿದದ್ದೆಂದರೆ ಮೇಲಿನ ಕಚೇರಿಯ ಅಧಿಕಾರಿಯ ಕಣ್ಣೆದುರಿಗೆ ಒಬ್ಬನನ್ನು ಪರೀಕ್ಷೆ ಮಾಡಿ ತೋರಿಸುವುದು. ಆ ಒಬ್ಬ ಅವಳ ನೆಂಟನಾಗಿರಬಾರದು, ಶಿಷ್ಯನೂ ಆಗಿರಬಾರದು. ಯಾರ ಕಡೆಗೂ ವಾಲಿದಳು ಅನ್ನಿಸಿದರೆ ಅಲ್ಲಿಗೆ ಕಥೆ ಮುಗಿಯಿತು.

ಪೊನ್ನಂಪೇಟೆಗೆ ಹೊರಟ ಬೆಳಿಗ್ಗೆ ಅವಳ ಅಪ್ಪ ಸಿದ್ದರಾಜು ಜಗಲಿಯ ಮೇಲೆ ಎಡಗಾಲು ಚಾಚಿ ಕೂತಿದ್ದ. ಆ ಕಾಲಿನ ಪಾದ ಚಪ್ಪಟೆಯಾಗಿ ವರ್ಷಗಳಾಗಿದ್ದವು. ಮಾಕುಟ್ಟದ ಹತ್ತಿರ ಲಾರಿಗೆ ಮರ ತುಂಬುವಾಗ, ಮಂಜಿನಲ್ಲಿ ಕೈಸನ್ನೆ ಕಾಣದೆ, ಅವನು ಕೂಗಿ ಸಿಗ್ನಲ್ ಕೊಡುತ್ತಿದ್ದ, ಸಂಪಾಜೆ ಕಡೆಯ ಆನಂದ್ ಕ್ರೇನಿನಲ್ಲಿದ್ದ. ದಿಮ್ಮಿ ಪಾದದ ಮೇಲೆ ಇಳಿಯಿತು. ಅಲ್ಲಿಯವರೆಗೆ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದ ಗೆಳೆಯರು ಆಮೇಲೆ ಮಾತೇ ಆಡಲಿಲ್ಲ.

"ಟೆಸ್ಟ್ ಮಾಡಕ್ಕೆ ಒಂಟಿದ್ದೀಯ, ಮೊದ್ಲು ಕಿವುಡ್ರನ್ನ ಫೇಲ್ ಮಾಡವ್ವ" ಅಂದ ಸಿದ್ದರಾಜು. "ನಾನು ಗಂಟ್ಲು ಕಿತ್ಕಂಡು ಇಡಿ ಇಡಿ ಅಂತಿವ್ನಿ, ಆ ಆನಂದ ಇಳಿಸ್ಕಂಡೇ ಬಂದ."

ಈ ಕಥೆ ಕೇಳಿ ಕೇಳಿ ಅನುಶ್ರೀಗೆ ಬಾಯಿಪಾಠವಾಗಿತ್ತು. "ಆಯ್ತು ಕಣಪ್ಪ" ಎಂದು ಹೆಲ್ಮೆಟ್ಟು ಎತ್ತಿಕೊಂಡು ಹೊರಟಳು.

ಪೊನ್ನಂಪೇಟೆಯ ಆಚೆ ಒಂದು ಟಿಂಬರ್ ಯಾರ್ಡಿನಲ್ಲಿ ಪರೀಕ್ಷೆ. ನೋಡಲು ಬಂದಿದ್ದ ಅಧಿಕಾರಿ ಕಿರಣ್‌ಕುಮಾರ್ ಮುಗುಳ್ನಗುವನ್ನು ಕೂಡ ಅಳೆದು ಕೊಡುವ ಮನುಷ್ಯ. ಹೈಡ್ರಾದಲ್ಲಿ ಕೂತವನು ಮಿಲನ್. ಊರು ಪೆರಾಜೆ, ಮನೆಯಲ್ಲಿ ಅರೆಭಾಷೆ, ಹೊರಗೆ ಶಾಲೆಯಲ್ಲಿ ಕಲಿತ ಚೊಕ್ಕ ಕನ್ನಡ. ಪರೀಕ್ಷೆ ಅವನದಲ್ಲ, ಸಿಗ್ನಲ್ ಕೊಡುವ ಲೋಹಿತನದು. ಲೋಹಿತ್ ಸಿದ್ದಾಪುರದ ಡಿಪೋದಲ್ಲಿ ಕೆಲಸಕ್ಕಿದ್ದ. ಅವನ ಹಿರಿಯರೂ ಅನುಶ್ರೀಯ ಹಿರಿಯರಂತೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಹಾಗಂತ ಅವಳಿಗೆ ಅವನ ಮುಖಪರಿಚಯವೂ ಇರಲಿಲ್ಲ.

ಅನುಶ್ರೀ ಇಬ್ಬರನ್ನೂ ನಿಲ್ಲಿಸಿ ನಿಯಮ ಹೇಳಿದಳು. ಮೊದಲ ಭಾಗ ಕೈಸನ್ನೆ. ಎರಡನೆಯ ಭಾಗದಲ್ಲಿ ಲೋಹಿತ್ ಲಾರಿಯ ಮರೆಗೆ ಹೋಗುತ್ತಾನೆ, ಮಿಲನ್‌ಗೆ ಅವನು ಕಾಣುವುದಿಲ್ಲ, ಕೂಗೇ ಗತಿ. ಪರೀಕ್ಷೆ ನಡೆಯುವಾಗ ತಾನು ತುಟಿ ಬಿಚ್ಚುವ ಹಾಗಿಲ್ಲ, ಅಪಾಯ ಕಂಡರೆ ಮಾತ್ರ ಸೀಟಿ ಊದುತ್ತೇನೆ ಅಂದಳು. ಕೈಸನ್ನೆಗಳನ್ನು ಒಂದೊಂದಾಗಿ ಇಬ್ಬರ ಹತ್ತಿರವೂ ಮಾಡಿಸಿ ನೋಡಿದಳು. ಕೂಗುವ ಮಾತುಗಳನ್ನು ಕೇಳಲಿಲ್ಲ. ಕನ್ನಡದವರಿಗೆ ಕನ್ನಡ ಏನು ಕೇಳುವುದು ಅನ್ನಿಸಿತು.

ಮೊದಲ ಭಾಗ ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ಸಿಲ್ವರ್ ಓಕ್ ದಿಮ್ಮಿ ಲಾರಿಯ ಮೇಲೆ ತೂಗುತ್ತಿತ್ತು. ಅದರ ತುದಿ ಲಾರಿಯ ಪಕ್ಕಕ್ಕೆ ನೆಟ್ಟ ಗೂಟಕ್ಕೆ ತಾಗುವಂತಿತ್ತು. ಲೋಹಿತ್ ಅದನ್ನು ಸರಿಯಾದ ಹೊತ್ತಿಗೇ ನೋಡಿದ.

"ಇಡಿ! ಇಡಿ!" ಎಂದು ಕೂಗಿದ.

ದಿಮ್ಮಿ ಇಳಿಯಿತು. ಲೋಹಿತ್ ಇನ್ನೂ ಜೋರಾಗಿ "ಇಡಿ ಇಡಿ ಇಡಿ!" ಅಂದ. ದಿಮ್ಮಿ ಇನ್ನೂ ಬೇಗ ಇಳಿಯಿತು. ಗೂಟ ಲಟಕ್ಕೆಂದು ಮುರಿಯಿತು. ಅನುಶ್ರೀ ಉಸಿರೆಲ್ಲ ಹಾಕಿ ಸೀಟಿ ಊದಿದಳು, ಮಿಲನ್ ಗಕ್ಕನೆ ನಿಲ್ಲಿಸಿದ. ಲೋಹಿತ್ ದೂರ ಹಾರಿದ್ದ, ಯಾರಿಗೂ ಪೆಟ್ಟಾಗಲಿಲ್ಲ.

"ನಿಮ್ಗೆ ಕಿವಿ ಕೇಳಲ್ವೇನ್ರೀ? ಇಡಿ ಅಂತ ಅಷ್ಟು ಬಡ್ಕತಾ ಇಲ್ವಾ?" ಎಂದು ಲೋಹಿತ್ ಹೈಡ್ರಾದ ಕಡೆ ನುಗ್ಗಿದ.

ಮಿಲನ್‌ಗೂ ಸಿಟ್ಟು ಬಂತು. "ಕೇಳಿದ್ದಕ್ಕೇ ಅಲ್ವಾ ಇಟ್ಟದ್ದು? ಬಹುವಚನ ಕೊಟ್ಟು ಇಡಿ ಇಡಿ ಅಂತೀರಿ, ಇಟ್ರೆ ಬೈತೀರಿ. ಎಂತ ಕಥೆ ಇದು?"

ಅನುಶ್ರೀಯ ಕಿವಿಯಲ್ಲಿ ಬೆಳಗಿನ ಅಪ್ಪನ ಮಾತು ಮತ್ತೊಮ್ಮೆ ಕೇಳಿತು. ತಮ್ಮ ಮನೆಗಳಲ್ಲಿ ಹಕಾರ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಹಾಲು ಆಲು, ಹಸು ಅಸ, ಹಿಡಿ ಇಡಿ. ಕೆಳಗಿಡು ಅನ್ನಲು ತಮಗೆ ಮಡಗು ಅನ್ನುವ ಮಾತೇ ಇದೆ. ಡಿಪ್ಲೊಮಾ ಓದುವಾಗ ನಾಲಿಗೆ ತಿದ್ದಿಕೊಂಡು ಆಫೀಸಿಗೊಂದು ಮನೆಗೊಂದು ಕನ್ನಡ ಇಟ್ಟುಕೊಂಡಿದ್ದ ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಕಿರಣ್‌ಕುಮಾರ್ ಹತ್ತಿರ ಬಂದರು. "ಸಿಗ್ನಲ್ ತಪ್ಪಿತು, ಗೂಟ ಮುರೀತು. ಫೇಲ್ ಅಂತ ಬರೀರಿ ಮೇಡಂ. ನೀವು ಸರಿಯಾದ ಹೊತ್ತಿಗೆ ನಿಲ್ಲಿಸಿದ್ರಿ, ನಿಮ್ಮದೇನೂ ತೊಂದರೆ ಇಲ್ಲ."

ಬರೆದಿದ್ದರೆ ಅಷ್ಟೊತ್ತಿಗೇ ಅವಳ ಕೆಲಸ ಆಗುತ್ತಿತ್ತು. "ಬರೆಯಲ್ಲ ಸಾರ್" ಅಂದಳು ಅನುಶ್ರೀ. "ಈ ಪರೀಕ್ಷೆ ರದ್ದು. ತಪ್ಪು ಲೋಹಿತನದಲ್ಲ, ನಂದು."

ಅವರ ಹುಬ್ಬು ಮೇಲೇರಿತು. "ಆ ಹುಡುಗ ನಿಮ್ಮ ಕಡೆಯವನು ಅಲ್ವಾ? ಮಾತಿನಲ್ಲೇ ಗೊತ್ತಾಗುತ್ತೆ. ಪರೀಕ್ಷಕರು ತಮ್ಮವರನ್ನ ಉಳಿಸೋಕೆ ಹೋದ್ರೆ ನಾನು ಸಹಿ ಹಾಕಲ್ಲ, ಅದು ನಿಮಗೆ ಗೊತ್ತು."

"ಮಾತಿನಲ್ಲೇ ಗೊತ್ತಾಗುತ್ತೆ ಅಂದ್ರಲ್ಲ ಸಾರ್, ತಪ್ಪಾಗಿರೋದೂ ಅಲ್ಲೇ" ಅಂದಳು ಅವಳು. ತಲೆಯ ಮೇಲಿನ ಹೆಲ್ಮೆಟ್ಟು ತೆಗೆದು ಎತ್ತಿ ಹಿಡಿದಳು. "ಲೋಹಿತ್, ಇದನ್ನ ಬಿಡಬೇಡ, ಹೀಗೇ ಇರಲಿ ಅನ್ನೋಕೆ ಏನಂತೀಯ?"

"ಇಡಿ ಅಂತೀನಿ."

"ನೆಲದ ಮೇಲೆ ಇರಿಸೋಕೆ?"

"ಮಡಗು."

"ಮಿಲನ್, ನೀವು?"

"ಬಿಡಬಾರದು ಅಂದ್ರೆ ಹಿಡಿ. ನೆಲಕ್ಕೆ ಅಂದ್ರೆ ಇಡಿ..." ಅನ್ನುತ್ತಾ ಮಿಲನ್ ಅರ್ಧಕ್ಕೇ ಬಾಯಿ ಮುಚ್ಚಿಕೊಂಡ. ಲೋಹಿತ್ ಮುರಿದ ಗೂಟವನ್ನೇ ನೋಡುತ್ತ ನಿಂತ.

"ಕೈಸನ್ನೆ ಒಂದೇನಾ ಅಂತ ಶುರುವಿಗೆ ನೋಡೋದು ಪರೀಕ್ಷಕಿಯ ಕೆಲಸ. ಕೂಗುವ ಮಾತನ್ನೂ ನೋಡಬೇಕಿತ್ತು, ನಾನು ನೋಡಲಿಲ್ಲ" ಅಂದಳು ಅನುಶ್ರೀ. "ಪರೀಕ್ಷಕಿಯ ತಪ್ಪಿನಿಂದ ಕೆಟ್ಟ ಪರೀಕ್ಷೆಯನ್ನ ಮತ್ತೆ ನಡೆಸಬಹುದು ಅಂತ ನಿಯಮ ಇದೆ. ಯಂತ್ರ ಇಲ್ಲೇ ಇದೆ, ದಿಮ್ಮಿ ಇದೆ, ಬೆಳಕೂ ಇದೆ. ಈಗಲೇ ನಡೆಸ್ತೀನಿ ಸಾರ್. ಆಮೇಲೆ ನಿಮಗೆ ಸರಿ ಕಂಡದ್ದು ಬರೀರಿ."

ಕಿರಣ್‌ಕುಮಾರ್ ಕೈಗಡಿಯಾರ ನೋಡಿದರು. ಆಮೇಲೆ ಕುರ್ಚಿಗೆ ಹೋಗಿ ಕೂತರು. "ನಡೆಸಿ" ಅಂದರು.

ಈ ಸಲ ಅವಳು ಪ್ರತಿ ಮಾತನ್ನೂ ಇಬ್ಬರ ಬಾಯಲ್ಲೂ ಹೇಳಿಸಿದಳು. ನಿಲ್ಲಿಸಲು ಸ್ಟಾಪ್, ಇಳಿಸಲು ಡೌನ್. ಇಡಿ ಅನ್ನುವುದನ್ನು ಯಾರ್ಡಿನ ಗೇಟಿನಾಚೆ ಬಿಟ್ಟು ಬನ್ನಿ ಅಂದಾಗ ಇಬ್ಬರಿಗೂ ನಗು ಬಂತು. ಗೂಟ ಬದಲಾಯಿಸಿದರು. ದಿಮ್ಮಿ ಲಾರಿಯ ಮೇಲೆ ಮೆತ್ತಗೆ ಕೂತಿತು. ಲೋಹಿತ್ ಪಾಸಾದ. ಕಿರಣ್‌ಕುಮಾರ್ ತಮ್ಮ ಕಾಗದದಲ್ಲಿ ಅವಳ ಮೊದಲ ತಪ್ಪನ್ನು ಮುಚ್ಚದೆ ಬರೆದರು, ಕೆಳಗೆ ಅವಳನ್ನು ಪರೀಕ್ಷಕಿಯಾಗಿ ಒಪ್ಪಿ ಸಹಿ ಹಾಕಿದರು. "ಕೊಡಗಿಗೆ ಒಬ್ಬರು ಬೇಕಾಗಿತ್ತು" ಅಂದರು, ಅಷ್ಟೇ.

ಹೊರಡುವ ಮುಂಚೆ ಅನುಶ್ರೀ ಮಿಲನ್ ಹತ್ತಿರ ಹೋದಳು. "ಸಂಪಾಜೆ ಕಡೆ ಕ್ರೇನ್ ಓಡಿಸ್ತಿದ್ದ ಆನಂದ್ ಅಂತ..."

"ಆನಂದ್ ಮಾವನಾ? ನಮಗೆ ಹತ್ತಿರದ ಸಂಬಂಧ" ಎಂದು ಮಿಲನ್ ನಂಬರು ಕೊಟ್ಟ.

ಸಂಜೆ ಮನೆ ಮುಟ್ಟಿದಾಗ ಸಿದ್ದರಾಜು ಅದೇ ಜಗಲಿಯ ಮೇಲಿದ್ದ. "ಅಸೆಸರಮ್ಮ ಬಂದ್ರಾ? ಯಾರ್ನ ಫೇಲ್ ಮಾಡ್ದೆ?"

"ನಿನ್ನ" ಅಂದಳು ಅನುಶ್ರೀ.

ಪಕ್ಕದಲ್ಲಿ ಕೂತು ಯಾರ್ಡಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. "ಆನಂದಣ್ಣಂಗೆ ಕಿವಿ ಚೆನ್ನಾಗೇ ಕೇಳ್ತಿತ್ತು ಕಣಪ್ಪ. ಅವ್ರ ಕಡೆ ಇಡಿ ಅಂದ್ರೆ ಮಡಗು ಅಂತ."

ಸಿದ್ದರಾಜುವಿನ ತುಟಿ ಆಡಿತು, ಒಂದು ಸಲ ಹಕಾರವಿಲ್ಲದೆ, ಒಂದು ಸಲ ಹಕಾರ ಸೇರಿಸಿ. ಆಮೇಲೆ ಚಪ್ಪಟೆ ಪಾದವನ್ನು ಕೈಯಲ್ಲಿ ಉಜ್ಜಿಕೊಂಡ.

"ಆಸ್ಪತ್ರೆಗೆ ಬಂದಿದ್ದ" ಅಂದ. "ನೀವು ಏಳ್ದಾಗೇ ಮಾಡಿದ್ನಲ್ಲ ಸಿದ್ದಣ್ಣ ಅಂತ ಮಂಚದ ತಾವ ನಿಂತ್ಕಂಡು ಅತ್ತ. ಸುಳ್ಳು ಬೇರೆ ಏಳ್ತಾನಲ್ಲ ಅಂತ ನಾನು ಗ್ವಾಡೆ ಕಡೆ ತಿರಿಕ್ಕಂಡೆ ಕಣವ್ವ."

ಅನುಶ್ರೀಗೆ ಕಣ್ಣು ತುಂಬಿತು, ಆದರೆ ಅವಳು ಸುಮ್ಮನೆ ಕೂರುವವಳಲ್ಲ. ಮಿಲನ್ ಕೊಟ್ಟಿದ್ದ ಆನಂದನ ನಂಬರು ಒತ್ತಿದಳು. ಆಚೆಯಿಂದ ಯಾರೋ ಹಲೋ ಅಂದರು. ಅವಳು ಫೋನನ್ನು ಅಪ್ಪನ ಕಡೆ ಚಾಚಿದಳು.

"ಹಿಡಿ" ಅಂದಳು, ಹಕಾರ ಒತ್ತಿ.