ಎರಡು ತುಂಡು ನೀಲಿ ಬಟ್ಟೆ

ನಮ್ಮ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಹರಳುಗಳನ್ನು ಕರಗಿಸಿ, ಸಣ್ಣ ತೂತುಗಳ ತಟ್ಟೆಯ ಮೂಲಕ ಒತ್ತಿ, ಗಾಳಿಗೆ ಆರಿಸಿ ಪಾಲಿಯೆಸ್ಟರ್ ನೂಲು ತೆಗೆಯುತ್ತಾರೆ. ತೆಗೆಯುವವರು ಮಾತ್ರ ಅದನ್ನು ತೊಡುವಂತಿಲ್ಲ. ಬಿಸಿಗೆ ಕರಗಿ ಮೈಗೆ ಅಂಟುತ್ತದೆಂದು ಎಲ್ಲರಿಗೂ ನೀಲಿ ಹತ್ತಿ ಅಂಗಿ. ನನ್ನ ತಮ್ಮ ಅದನ್ನೇ ತೊಡುತ್ತಿದ್ದ. ಎಲ್ಲರೂ ಶೋಕಿ ಎಂದು ಕರೆಯುತ್ತಿದ್ದ ಅವನ ಜೊತೆಗಾರ ಮಾತ್ರ, ಹತ್ತಿ ಸುಕ್ಕಾಗುತ್ತದೆಂದು, ಅದೇ ನೀಲಿಯ ಪಾಲಿಯೆಸ್ಟರಿನಲ್ಲಿ ಹೊಲಿಸಿಕೊಂಡಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ರೇಗಿಸಿದರೆ, "ಇಸ್ತ್ರಿ ಮಾಡಿಕೊಡೋಕೆ ನೀವು ಬರ್ತೀರಾ ಅಕ್ಕ?" ಎನ್ನುತ್ತಿದ್ದ.

ಇವತ್ತು ಬೆಳಿಗ್ಗೆ ಕರಗಿಸುವ ಯಂತ್ರದ ಕೊಳವೆ ಒಡೆಯಿತು. ಇಬ್ಬರಲ್ಲಿ ಒಬ್ಬ ಸತ್ತ, ಒಬ್ಬ ಬದುಕಿದ್ದಾನೆ. ಇಬ್ಬರದೂ ಒಂದೇ ವಯಸ್ಸು, ಒಂದೇ ಮೈಕಟ್ಟು. ಮುಖ, ಕೈ ನೋಡಿ ಗುರುತು ಹಿಡಿಯುವ ಹಾಗಿಲ್ಲ. ಬದುಕಿದವನಿಗೆ ಎಚ್ಚರವಿಲ್ಲ.

ಪರೀಕ್ಷಾ ಕೋಣೆಯಲ್ಲಿ ನೂಲು ಸುಟ್ಟು ಅದರ ಜಾತಿ ಹೇಳುವವಳು ನಾನು. ಮೇಸ್ತ್ರಿ ಎರಡು ಲಕೋಟೆ ತಂದರು, ಒಂದೊಂದರಲ್ಲೂ ಅಂಗಿಯ ಒಂದು ತುಂಡು. ಒಂದು ಆಸ್ಪತ್ರೆಯ ಹಾಸಿಗೆಯಲ್ಲಿರುವವನದು, ಒಂದು ಶವಾಗಾರದಲ್ಲಿರುವವನದು.

"ಬೇರೆ ಯಾರ ಕೈಲಾದ್ರೂ ಮಾಡಿಸ್ಲಾ ಅಮ್ಮ?"

"ಬೇಡ, ಕೊಡಿ. ಅವರು ಗಡಿಬಿಡೀಲಿ ಎಡವಟ್ಟು ಮಾಡ್ತಾರೆ."

ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮನಸ್ಸು ಮರಗಟ್ಟಿತ್ತು, ಕೈ ಮಾತ್ರ ದಿನದ ಹಾಗೆ ಕೆಲಸ ಮಾಡುತ್ತಿತ್ತು. ಬದುಕಿದವನ ಅಂಗಿಯ ತುಂಡನ್ನು ಮೊದಲು ಚಿಮಟದಲ್ಲಿ ಹಿಡಿದೆ. ಹತ್ತಿಯಾದರೆ ಉರಿದು ಮೆತ್ತನೆಯ ಬೂದಿಯಾಗಬೇಕು. ಅದು ಬೆಂಕಿ ಕಂಡೊಡನೆ ಮುದುಡಿತು, ಕರಗಿತು, ತೊಟ್ಟಿಕ್ಕಿತು. ಆರಿದ ಮೇಲೆ ಗಟ್ಟಿ ಕಪ್ಪು ಮಣಿ. ಉಗುರಿನಿಂದ ಒತ್ತಿದೆ, ಪುಡಿಯಾಗಲಿಲ್ಲ.

ಇನ್ನೊಂದನ್ನು ಸುಡುವ ಅಗತ್ಯವಿರಲಿಲ್ಲ. ಸುಟ್ಟೆ. ಚೆನ್ನಾಗಿಯೇ ಉರಿಯಿತು, ಕೋಣೆ ತುಂಬ ಕಾಗದ ಸುಟ್ಟ ವಾಸನೆ. ನನ್ನ ತಮ್ಮ ಕಾರ್ಖಾನೆ ಹೇಳಿದ ಅಂಗಿಯನ್ನೇ ಹಾಕಿಕೊಂಡು ಹೋಗಿದ್ದ, ಪೆದ್ದ. ಅವನ ಮೇಲೆ ಸಿಟ್ಟು ಬಂತು. ಬೇರೇನೂ ಬರಲಿಲ್ಲ.

ಕೈ ತೊಳೆದು ಹೊರಗೆ ಬಂದೆ. ಬೆಂಚಿನ ಮೇಲಿದ್ದ ಶೋಕಿಯ ತಾಯಿ, ನನ್ನ ತಮ್ಮನ ಹೆಂಡತಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಎದ್ದು ನಿಂತರು. ಯಾರ ಮುಖ ನೋಡಬೇಕೆಂದು ತಿಳಿಯಲಿಲ್ಲ. ಎರಡು ಸುದ್ದಿಗಳಲ್ಲಿ ಬಾಯಿಗೆ ಬಂದದ್ದು ಸುಲಭದ್ದು.

"ಅಮ್ಮ, ನಿಮ್ಮ ಮಗ ಬದುಕಿದಾನೆ."

ಆಕೆ "ಅಯ್ಯೋ ನನ್ನಪ್ಪಾ" ಎಂದು ಒಂದೇ ಕೈಯಿಂದ ನನ್ನನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರು. ತಮ್ಮನ ಹೆಂಡತಿ ಮುದುಕಿಯ ಹಿಡಿತದಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.